ಪಾಸ್ಟರ್ ಹುಟ್ಟುಹಬ್ಬಕ್ಕೆ ಕ್ರೇನಲ್ಲಿ ಸೇಬಿನ ಹಾರ! ಹೇಳೋರು ಕೇಳೋರು ಯಾರೂ ಇಲ್ವಾ?

ಹೊರಮಾವು ಕಡೆಯವ · ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸಭೆಯ ಹೆಸರು ಬರೆಯಲ್ಲ. ದಯವಿಟ್ಟು ಯಾರೂ ಊಹೆ ಮಾಡಿ ಯಾರ ಹೆಸರನ್ನೂ ಎಳೆದು ತರಬೇಡಿ.

ನಮ್ಮ ಸಭೆ ಶುರುವಾಗಿದ್ದು ಒಂದು ಶೀಟ್ ಮನೆಯಲ್ಲಿ. ಪಾಸ್ಟರ್ ಆಗ ಟಿವಿಎಸ್ ಎಕ್ಸೆಲ್‌ನಲ್ಲಿ ಓಡಾಡ್ತಿದ್ರು. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ರಾತ್ರಿ ಎಷ್ಟೊತ್ತಾದ್ರೂ ಬಂದು, ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡಿ, ಕೊಟ್ಟ ಕಾಫಿ ಕುಡಿದು ಹೋಗ್ತಿದ್ರು. ಈಗ ಭಾನುವಾರ ಮೂರು ಆರಾಧನೆ, ಹಿಂದೆ ಎಲ್‌ಇಡಿ ಗೋಡೆ, ಯೂಟ್ಯೂಬ್ ಲೈವ್. ಅದರ ಬಗ್ಗೆ ನನಗೇನೂ ತಕರಾರಿಲ್ಲ.

ಹೋದ ವಾರ ಅವರ ಹುಟ್ಟುಹಬ್ಬ. ಗೇಟ್ ಎದುರು ಕ್ರೇನ್ ನಿಲ್ಲಿಸಿ ಸೇಬಿನ ಹಾರ ಇಳಿಬಿಟ್ರು. ಮೇಲೆ ಡ್ರೋನು, ಅಕ್ಕಪಕ್ಕ ಕಪ್ಪು ಟೀಶರ್ಟಿನ ಬೌನ್ಸರ್‌ಗಳು, ರಸ್ತೆ ತುಂಬಾ ಫ್ಲೆಕ್ಸು. ಹಾರ ಅವರ ಕತ್ತಿಗೆ ಮುಟ್ಟೋ ಮುಂಚೆನೇ ಹುಡುಗರು ಸೇಬು ಕೀಳೋಕೆ ಮುಗಿಬಿದ್ರು. ಪ್ರಾರ್ಥನೆ ಚೀಟಿ ಹಿಡ್ಕೊಂಡು ಬಂದಿದ್ದ ಒಬ್ಬ ಅಜ್ಜಿಯನ್ನ ಬೌನ್ಸರ್ "ಆಮೇಲೆ ಬಾರಮ್ಮ" ಅಂತ ಪಕ್ಕಕ್ಕೆ ತಳ್ಳಿದ. ಪಾಸ್ಟರ್ ಅದನ್ನ ನೋಡಿದ್ರು. ನೋಡಿ ಕ್ಯಾಮೆರಾ ಕಡೆ ತಿರುಗಿದ್ರು.

ನನ್ನ ಪ್ರಶ್ನೆ ಇಷ್ಟೇ. ಹೆಸರು, ದುಡ್ಡು ಎರಡೂ ಬಂದ ಮೇಲೆ ದೇವಸೇವಕರ ಒಳಗೆ ಏನಾಗುತ್ತೆ? ನಮ್ಮಂಥ ವಿಶ್ವಾಸಿಗಳು ಏನು ಮಾಡಬೇಕು, ಬಾಯಿ ಮುಚ್ಕೊಂಡು ಇರಬೇಕಾ, ಕೇಳಬೇಕಾ, ಬಿಟ್ಟು ಹೋಗಬೇಕಾ? ಮನೆಯವಳು "ನಿಮಗೆ ಹೊಟ್ಟೆಕಿಚ್ಚು" ಅಂತಾಳೆ.

ಬನಶಂಕರಿ ಬಾಯ್ · 9:20

ಎಮ್ಮೆಲ್ಲೆಗಳಿಗೆ ಹಾಕ್ತಾರಲ್ಲ, ಆ ಹಾರಾನಾ?? ಸೇಬು ಕೆಜಿ ಎಷ್ಟಿದೆ ಗೊತ್ತಾ ಗುರು ಈಗ.

ಸ್ತೋತ್ರ ಬ್ರದರ್ · 9:34

ಕರ್ತನಿಗೆ ಸ್ತೋತ್ರ. ಬ್ರದರ್, ದೇವರ ಅಭಿಷಿಕ್ತರನ್ನು ಮುಟ್ಟಬಾರದು ಅಂತ ಕೀರ್ತನೆಯಲ್ಲೇ ಇದೆ. ಆ ಪಾಸ್ಟರ್ ಎಷ್ಟು ಕುಡುಕರನ್ನು ಬಿಡಿಸಿದ್ದಾರೋ, ಎಷ್ಟು ಸಂಸಾರ ಸರಿಮಾಡಿದ್ದಾರೋ ನಿಮಗೆ ಗೊತ್ತಾ? ಜನ ಪ್ರೀತಿಯಿಂದ ಹಾರ ತಂದರೆ ಅವರೇನು ಮಾಡಬೇಕು, ಬೇಡ ಅಂತ ಬಟ್ಟೆ ಹರ್ಕೊಂಡು ಓಡಿಹೋಗಬೇಕಾ?

ಸೆಮಿನರಿ ವಿದ್ಯಾರ್ಥಿ · 9:51

ಹೌದು ಬ್ರದರ್. ಬಟ್ಟೆ ಹರ್ಕೊಂಡು ಓಡಬೇಕು. ಅದೇ ಮಾಡಿದ್ರು.

ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ ತೆಗೀರಿ. ಲುಸ್ತ್ರ ಊರಲ್ಲಿ ಪೌಲ ಒಬ್ಬ ಕುಂಟನನ್ನು ಎದ್ದು ನಿಲ್ಲಿಸಿದ. ಊರವರು ಇವರೇ ದೇವರು ಅಂದುಬಿಟ್ರು. ಅಲ್ಲಿಯ ದೇವಸ್ಥಾನದ ಪೂಜಾರಿ ಎತ್ತುಗಳನ್ನೂ ಹೂವಿನ ಹಾರಗಳನ್ನೂ ಬಾಗಿಲ ಹತ್ರ ತಂದು ನಿಂತ. ಕ್ರೇನ್ ಒಂದು ಇರಲಿಲ್ಲ ಅಷ್ಟೇ. ಪೌಲ ಬಾರ್ನಬ ಇಬ್ಬರೂ ಬಟ್ಟೆ ಹರ್ಕೊಂಡು ಗುಂಪಿನೊಳಗೆ ನುಗ್ಗಿ, ನಾವೂ ನಿಮ್ಮ ಹಾಗೇ ಮನುಷ್ಯರು ಕಣ್ರಯ್ಯ ಅಂತ ಕೂಗಿದ್ರು. ಆಮೇಲೆ ನೋಡಿ, ಹೊರಗಿಂದ ಬಂದವರು ಅದೇ ಜನರ ತಲೆ ಕೆಡಿಸಿದ್ರು, ಪೌಲನಿಗೆ ಕಲ್ಲು ಹೊಡೆದು ಸತ್ತ ಅಂದ್ಕೊಂಡು ಊರಾಚೆ ಎಳೆದು ಹಾಕಿದ್ರು. ಹಾರ ತಂದ ಜನ, ಕಲ್ಲು ತಂದ ಜನ, ಎಲ್ಲ ಒಂದೇ ಅಧ್ಯಾಯದಲ್ಲಿ.

ಅಭಿಷಿಕ್ತರ ವಿಷಯಕ್ಕೆ ಬಂದರೆ, 105ನೇ ಕೀರ್ತನೆ ಹೇಳ್ತಿರೋದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಊರೂರು ಅಲೆಯುತ್ತಿದ್ದ ಅವರಿಗೆ ರಾಜರು ಕೈ ಮಾಡಬಾರದು ಅಂತ. ಲೆಕ್ಕ ಕೇಳಬಾರದು ಅಂತ ಅಲ್ಲ. ದಾವೀದ ರಾಜನೂ ಅಭಿಷಿಕ್ತನೇ. ಅವನು ತಪ್ಪು ಮಾಡಿದಾಗ ನಾತಾನ ಅವನ ಅರಮನೆಗೇ ಹೋಗಿ, ಕಥೆ ಹೇಳಿ, ಆ ಮನುಷ್ಯ ನೀನೇ ಅಂತ ಮುಖಕ್ಕೆ ಹೇಳಲಿಲ್ವಾ?

ಬನಶಂಕರಿ ಬಾಯ್ · 9:55

ಸ್ತೋತ್ರ ಬ್ರದರ್ ಕ್ಲೀನ್ ಬೋಲ್ಡ್ 😂

ಸ್ತೋತ್ರ ಬ್ರದರ್ · 10:03

ನಗಾಡಿ ನಗಾಡಿ. ನಾತಾನ ಪ್ರವಾದಿ. ನೀವೆಲ್ಲ ಮೊಬೈಲ್ ಹಿಡಿದವರು. ಹೆಸರು ಹಾಕದೆ ಕೂತು ಸೇವಕರ ಮೇಲೆ ಕೆಸರು ಎರಚೋದೂ ಪಾಪನೇ.

ಅವೆನ್ಯೂ ರೋಡ್ ಹಿರಿಯ · 10:10

ಇದೆಲ್ಲ ಈ ಸ್ವತಂತ್ರ ಸಭೆಗಳ ಕಾಯಿಲೆ. ಕೇಳೋಕೆ ಮೇಲೆ ಯಾರೂ ಇಲ್ಲ. ನಮ್ಮ ಸಿಎಸ್‌ಐಯಲ್ಲಿ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ, ಹೀಗಿಲ್ಲ. ಅಯ್ಯನವರಿಗೆ, ಅಂದರೆ ಪಾಸ್ಟರಿಗೆ, ಸಂಬಳ ಬಿಷಪ್ಪರ ಡಯಾಸಿಸ್ ನಿಗದಿ ಮಾಡುತ್ತೆ, ವರ್ಗಾವಣೆ ಇದೆ, ಪಾಸ್ಟರೇಟ್ ಕಮಿಟಿ ಇದೆ, ಖಜಾಂಚಿ ಇದ್ದಾರೆ, ವರ್ಷದ ಲೆಕ್ಕ ಸಭೆಯ ಮುಂದೆ ಓದ್ತಾರೆ. ನಮ್ಮ ಚರ್ಚ್ ರೈಸ್ ಮೆಮೋರಿಯಲ್‌ನಲ್ಲಿ ಚಿಕ್ಕಂದಿನಿಂದ ನೋಡಿಕೊಂಡು ಬಂದಿದ್ದೇನೆ. ಯಾವ ಅಯ್ಯನವರಿಗೂ ಅಭಿಮಾನಿ ಸಂಘ ಇರಲಿಲ್ಲ. ಇರೋಕೆ ಬಿಡ್ತಿರಲಿಲ್ಲ, ಅಷ್ಟರಲ್ಲಿ ವರ್ಗ ಆಗ್ತಿತ್ತು.

ಧಾರವಾಡದಾಕಿ · 10:22

ಅಜ್ಜಾರ, ಸಿಎಸ್‌ಐ ಬಗ್ಗೆ ಭಾಳ ಹೇಳಬ್ಯಾಡ್ರಿ. ನಾನೂ ಅದರಾಗಿನಾಕಿನ, ಬಾಸೆಲ್ ಮಿಷನ್ ಮನೆತನ. ಪಾಸ್ಟರೇಟ್ ಕಮಿಟಿ ಇಲೆಕ್ಷನ್ ಬಂತಂದ್ರ ಪಂಚಾಯ್ತಿ ಇಲೆಕ್ಷನ್ ಸಪ್ಪಗ ಕಾಣ್ತದ. 1947ರಾಗ ಎಷ್ಟು ಸಭಾ ಕೂಡಿ ಒಂದು ಸಿಎಸ್‌ಐ ಆದ್ವು, ಎಂಥಾ ದೊಡ್ಡ ಮಾತು! ಈಗ ನೋಡ್ರಿ, 2024ರಾಗ ಮದ್ರಾಸ್ ಹೈಕೋರ್ಟ್ ಸಿಎಸ್‌ಐದ ಎಲ್ಲಾಕ್ಕಿಂತ ಮ್ಯಾಲಿನ ಮಂಡಳಿ ಸಿನೊಡ್ ಆಡಳಿತ ನೋಡ್ಕೊಳ್ಳಾಕ ಇಬ್ಬರು ನಿವೃತ್ತ ಜಡ್ಜ್‌ಗಳನ್ನ ನೇಮಿಸೋ ಪರಿಸ್ಥಿತಿ ಬಂತು. ನಿಮ್ಮಲ್ಲಿ ಕ್ರೇನ್ ಇಲ್ಲ ಖರೆ. ಗದ್ದುಗಿ ಅದ, ಜಾಗಾ ಅದ, ಜಾಗಾದ ಮ್ಯಾಲ ಕಣ್ಣು ಅದ.

ಅವೆನ್ಯೂ ರೋಡ್ ಹಿರಿಯ · 10:30

ಜಗಳ ಇದೆ, ಇಲ್ಲ ಅನ್ನಲ್ಲಮ್ಮ. ಆದರೆ ಕೋರ್ಟಿಗೆ ಹೋಗೋಕೆ ನಮ್ಮ ಸಭೆಗೆ ಒಂದು ಸಂವಿಧಾನ ಅಂತ ಇದೆಯಲ್ಲ. ಗಂಡ ಹೆಂಡತಿ ಮಗ ಮೂವರೇ ಟ್ರಸ್ಟಿಗಳಾದ ಕಡೆ ಯಾವ ಕೋರ್ಟಿಗೆ ಹೋಗ್ತೀರಿ, ಏನಂತ ಹೋಗ್ತೀರಿ?

ಮಂಗಳೂರಿನ ಮಾಣಿ · 10:41

ನಮ್ಮ ಕಥೊಲಿಕರದ್ದೂ ಒಂದು ಸೇರಿಸಿ ಮಾರಾಯ್ರೆ, ಇಲ್ಲದಿದ್ರೆ ನಾವೇನೋ ಸಾಚಾ ಅಂದುಕೊಳ್ತೀರಿ.

ಜರ್ಮನಿಯಲ್ಲಿ ಲಿಂಬುರ್ಗ್ ಅಂತ ಒಂದು ಧರ್ಮಪ್ರಾಂತ್ಯ. ಅಲ್ಲಿಯ ಬಿಷಪ್ ತೆಬಾರ್ಟ್ಸ್ ವಾನ್ ಎಲ್ಸ್ಟ್ ತಮ್ಮ ನಿವಾಸ, ಕಚೇರಿ ಕಟ್ಟಡ ಅಂತ ಸುಮಾರು 3.1 ಕೋಟಿ ಯೂರೋ ಖರ್ಚು ಮಾಡಿಸಿದ್ರು. ಸ್ನಾನದ ತೊಟ್ಟಿಗೇ 15,000 ಯೂರೋ ಅಂತ ಪೇಪರಿನವರು ಬರೆದ್ರು. ಪೋಪ್ ಫ್ರಾನ್ಸಿಸ್ 2013ರ ಅಕ್ಟೋಬರ್‌ನಲ್ಲಿ ಅವರನ್ನು ಬದಿಗೆ ಕೂರಿಸಿ, 2014ರ ಮಾರ್ಚ್‌ನಲ್ಲಿ ರಾಜೀನಾಮೆ ಒಪ್ಪಿದ್ರು. ತಮಾಷೆ ಎಂತ ಗೊತ್ತುಂಟಾ? ಇದೆಲ್ಲ ಸುದ್ದಿಯಾಗೋದಕ್ಕೆ ಒಂದು ಕಾರಣ ನಮ್ಮ ಬೆಂಗಳೂರೇ. 2012ರಲ್ಲಿ ಬಡವರ ಸೇವಾಯೋಜನೆ ನೋಡ್ಲಿಕ್ಕೆ ಅಂತ ಇಲ್ಲಿಗೆ ಬಂದದ್ದು ವಿಮಾನದ ಫಸ್ಟ್ ಕ್ಲಾಸಿನಲ್ಲಿ. ಪತ್ರಿಕೆಯವರು ಕೇಳಿದ್ದಕ್ಕೆ ಇಲ್ಲ ಅಂದ್ರು. ಕೋರ್ಟಿಗೆ ಪ್ರಮಾಣಪತ್ರದಲ್ಲೂ ಸುಳ್ಳು ಬರೆದುಕೊಟ್ರು ಅಂತ ಕೇಸಾಗಿ, ಕೊನೆಗೆ 20,000 ಯೂರೋ ಕಟ್ಟಿ ಮುಗಿಸಿಕೊಂಡ್ರು.

ನನಗೆ ಆ ಸೀಟು ದೊಡ್ಡ ವಿಷಯ ಅಲ್ಲ. ಒಂದು ಸೀಟಿಗೋಸ್ಕರ ಬಿಷಪ್ ಒಬ್ಬರು ಸುಳ್ಳು ಹೇಳುವಷ್ಟು ದೂರ ಹೋದ್ರಲ್ಲ, ಅಷ್ಟು ದಿನ ಸುತ್ತ ಇದ್ದವರು ಯಾರೂ "ಇದು ಬೇಡ ಸ್ವಾಮೀ" ಅನ್ನಲಿಲ್ಲವಲ್ಲ, ಅದು ದೊಡ್ಡದು.

ಕಾನೂನು ನಮ್ಮಲ್ಲಿ ಬೇಕಾದಷ್ಟು ಉಂಟು. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಕಡ್ಡಾಯ, ಚರ್ಚ್ ಕಾನೂನಿನ ಕಾನನ್ 537. ಜನ ಕೊಟ್ಟ ಹಣಕ್ಕೆ ಜನರಿಗೇ ಲೆಕ್ಕ ಕೊಡಬೇಕು, 1287. ಸಮಿತಿಯವರನ್ನು ಆರಿಸುವುದು ಫಾದರ್ ಆದ್ರೆ, ಕೇಳುವ ಬಾಯಿ ಯಾವುದು ಅಂತ ನೀವೇ ಹೇಳಿ.

ಕೋಡಿಂಗ್ ಕೋಳಿ · 11:02

ಬೆಂಗಳೂರಿಗೆ ಫಸ್ಟ್ ಕ್ಲಾಸಲ್ಲಿ ಬಂದು ಏರ್‌ಪೋರ್ಟಿಂದ ಹೆಬ್ಬಾಳ ದಾಟೋಕೆ ಎರಡು ಗಂಟೆ ಕೂತಿರ್ತಾರೆ, ಪ್ರಾಯಶ್ಚಿತ್ತ ಅಲ್ಲೇ ಆಯ್ತು ಬಿಡಿ.

ಚಾಮರಾಜಪೇಟೆ ಶರಣ · 11:15

ನಾನು ಕ್ರೈಸ್ತನಲ್ಲ, ಗೆಳೆಯರೊಬ್ಬರು ಲಿಂಕ್ ಕಳಿಸಿದ್ರು. ಒಂದು ಮಾತು. ಮಠಗಳಲ್ಲೂ ಇದೇ ಕಥೆ. ಬೆಳ್ಳಿ ಸಿಂಹಾಸನ, ಕಿರೀಟ, ಅಡ್ಡಪಲ್ಲಕ್ಕಿ, ಹಿಂದೆ ಮುಂದೆ ಕಾರು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಹುಟ್ಟಿದ್ದು ನಿಮ್ಮ ಚರ್ಚ್ ನೋಡಿ ಅಲ್ಲವಲ್ಲ. ಹಾಗಾಗಿ ನೀವು ನಾಚಿಕೆಪಟ್ಕೊಂಡು ಮುಚ್ಚಿಡೋದು ಬೇಡ. ಕೇಳೋರು ಕೇಳಲೇಬೇಕು.

ಸ್ತೋತ್ರ ಬ್ರದರ್ · 11:21

ನೋಡಿದ್ರಾ? ಅನ್ಯರು ಬಂದು ಓದೋ ಹಾಗಾಯ್ತು. ಈಗಲೇ ಪ್ರಾರ್ಥನಾ ಮನೆಗಳಿಗೆ ನುಗ್ಗಿ ಗಲಾಟೆ ಮಾಡ್ತಾರೆ. ಇಂಥ ಕಾಲದಲ್ಲಿ ಮನೆ ಜಗಳ ಬೀದಿಗೆ ತಂದು ಅವರ ಕೈಗೆ ಕೋಲು ಕೊಡ್ತಿದ್ದೀರಿ.

ಚಾಮರಾಜಪೇಟೆ ಶರಣ · 11:24

ನಾನು ಕೋಲು ತಂದಿಲ್ಲ ಸ್ವಾಮಿ, ಗಾದೆ ತಂದಿದ್ದೀನಿ.

ಧಾರವಾಡದಾಕಿ · 11:31

ಸ್ತೋತ್ರ ಅಣ್ಣಾರ, ಮುಚ್ಚಿಟ್ಟರ ಏನಾಗ್ತದ ಅಂತ ಸುವಾರ್ತಿಕ ರವಿ ಜಕಾರಿಯಸ್ ಕಥಿ ನೋಡ್ರಿ. ಮದ್ರಾಸಿನಾಗ ಹುಟ್ಟಿದ ಮನಿಷ್ಯಾ, ಲೋಕದ ತುಂಬ ಹೆಸರು. ನಮ್ಮ ಕಾಲೇಜಿನ ಪ್ರಾರ್ಥನಾ ಗುಂಪಿನಾಗ ಅವರ ಭಾಷಣ ಕೇಳದ ಹುಡುಗರು ಇರಲಿಲ್ಲ. 2017ರಾಗ ಒಬ್ಬ ಹೆಣ್ಣುಮಗಳು ದೂರಿದಾಗ ಅವರದ ಸುವಾರ್ತಾ ಸಂಸ್ಥೆಯವರು ಆಕಿ ಮಾತು ನಂಬಲಿಲ್ಲ, ಅವರ ಬೆನ್ನಿಗೆ ನಿಂತರು. 2020ರ ಮೇ ತಿಂಗಳದಾಗ ತೀರಿಕೊಂಡ್ರು. ಮುಂದಿನ ಫೆಬ್ರವರಿಗೆ ಸಂಸ್ಥೆನ ನೇಮಿಸಿದ ವಕೀಲರ ವರದಿ ಬಂತು. ತಮ್ಮದೂ ಪಾಲಿದ್ದ ಮಸಾಜ್ ಕೇಂದ್ರದ ಹೆಣ್ಣುಮಕ್ಕಳ ಜೊತಿ ವರ್ಷಗಟ್ಟಲೆ ಲೈಂಗಿಕ ದುರ್ನಡತಿ ಅಂತ ಅದರಾಗ ಬರದಿತ್ತು. ಸಂಸ್ಥಾದ ಆಡಳಿತ ಮಂಡಳಿನ ಕ್ಷಮಾ ಕೇಳಿತು.

ಆ ದೂರನ್ನ ಅವತ್ತ ಸರಿಯಾಗಿ ವಿಚಾರಿಸಿದ್ರ ಆ ಮನಿಷ್ಯಾಗೂ ಪಶ್ಚಾತ್ತಾಪ ಪಡಾಕ ಟೈಮ್ ಸಿಗ್ತಿತ್ತು. ಹೆಸರಿನ ಸುತ್ತ ಗ್ವಾಡಿ ಕಟ್ಟಿದವರು ಹೆಣ್ಣುಮಕ್ಕಳಿಗೂ ಮೋಸ ಮಾಡಿದ್ರು, ಅವರಿಗೂ ಮಾಡಿದ್ರು.

ಮಂಗಳೂರಿನ ಮಾಣಿ · 11:38

ಹೌದು. ಇದಕ್ಕೆ ಉತ್ತರ ಇಲ್ಲ.

ಕೋಡಿಂಗ್ ಕೋಳಿ · ಸೋಮವಾರ, ಬೆಳಿಗ್ಗೆ 8:05

ಸಿಲ್ಕ್ ಬೋರ್ಡಲ್ಲಿ ನಿಂತಿದ್ದೀನಿ, ಬರೆಯೋಕೆ ಬೇಕಾದಷ್ಟು ಟೈಮಿದೆ.

ದುಡ್ಡಿನ ಬಗ್ಗೆ ಎಲ್ರೂ ಮಾತಾಡ್ತೀರಿ, ಹೆಸರಿನ ಚಟದ ಬಗ್ಗೆ ಕಮ್ಮಿ. ನಾನು ಒಂದು ಸಭೆಯ ಮೀಡಿಯಾ ಟೀಮಲ್ಲಿದ್ದೆ. ಪ್ರಸಂಗ ಮುಗಿದ ಅರ್ಧ ಗಂಟೆಗೆ ಶಾರ್ಟ್ಸ್ ರೆಡಿ ಇರಬೇಕು. ಯಾವ ತುಣುಕು? ಪಶ್ಚಾತ್ತಾಪದ ಮಾತು ಓಡಲ್ಲ, "ಈ ತಿಂಗಳು ನಿನ್ನ ಬಾಗಿಲು ತೆರೆಯುತ್ತೆ" ಓಡುತ್ತೆ. ಹೀಗೇ ಆಗ್ತಾ ಆಗ್ತಾ ಪ್ರಸಂಗನೇ ಬಾಗಿಲು, ಬೀಗ, ಬಡ್ತಿ, ವೀಸಾ ಅಂತ ತಿರುಗ್ತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಗ್ರಾಫ್ ನೋಡ್ಕೊಂಡು ಬೈಬಲ್ ಓದೋದು ಅಭ್ಯಾಸ ಆಯ್ತು. ಅಳ್ತಿರೋ ಜನರ ಮುಖ ಕ್ಲೋಸಪ್ ಹಿಡೀರಿ ಅಂತ ಹೆಡ್‌ಫೋನಲ್ಲಿ ಹೇಳ್ತಿದ್ರು. ಅಲ್ಲಿಗೆ ಬಿಟ್ಟೆ ನಾನು.

ಬನಶಂಕರಿ ಬಾಯ್ · 8:11

ಸಿಲ್ಕ್ ಬೋರ್ಡಲ್ಲಿ ಡ್ರೈವ್ ಮಾಡ್ತಾ ಟೈಪ್ ಮಾಡ್ಬೇಡಪ್ಪ.

ಕೋಡಿಂಗ್ ಕೋಳಿ · 8:12

ಬಿಎಂಟಿಸಿ ಗುರು. ನಿಂತ್ಕೊಂಡು.

ಒಬ್ಬ ಪಾಸ್ಟರಮ್ಮ · 10:47

ನಾನು ಬರೀಬೇಕೋ ಬೇಡವೋ ಅಂತ ಯೋಚಿಸ್ತಾ ಇದ್ದೆ. ನಮ್ಮದು ತುಮಕೂರು ರಸ್ತೆ ಕಡೆ ಚಿಕ್ಕ ಸಭೆ. ಹೆಚ್ಚಿನವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಗಾರೆ ಕೆಲಸದವರು. ನಮ್ಮ ಯಜಮಾನರು ವಾರದ ದಿನ ಕ್ಯಾಬ್ ಓಡಿಸ್ತಾರೆ, ಭಾನುವಾರ ಪ್ರಸಂಗ ಮಾಡ್ತಾರೆ. ಕಾಣಿಕೆ ಚೀಲದಲ್ಲಿ ಬರೋದು ಹತ್ತು, ಇಪ್ಪತ್ತರ ನೋಟುಗಳು. ಹಾಲಿನ ಬಾಡಿಗೆ ಕಟ್ಟಿ ಉಳಿದರೆ ಗ್ಯಾಸ್ ಸಿಲಿಂಡರ್. ನೀವೆಲ್ಲ ಕ್ರೇನ್ ಬಗ್ಗೆ ಮಾತಾಡ್ತೀರಿ. ಆ ಒಬ್ಬರ ದೆಸೆಯಿಂದ ನಮ್ಮಂಥವರನ್ನು ಮನೆ ಓನರ್ "ನಿಮಗೇನಮ್ಮ, ಫಾರಿನ್ ದುಡ್ಡು ಬರುತ್ತಲ್ಲ" ಅಂತ ಕೇಳ್ತಾರೆ. ಬಾಡಿಗೆ ಜಾಸ್ತಿ ಮಾಡ್ತಾರೆ.

ಹಾಗಂತ ಬಡತನದಲ್ಲಿ ಆಸೆ ಇರಲ್ಲ ಅಂದ್ಕೋಬೇಡಿ. ಒಬ್ಬ ಸೈಟ್ ಬಿಸಿನೆಸ್‌ನವರು ಬಂದು ಸಭೆಗೆ ಒಂದು ಮಹಡಿ ಕಟ್ಟಿಸಿಕೊಡ್ತೀನಿ ಅಂದ್ರು. ನಮ್ಮ ಜನ ಕುಣಿದುಬಿಟ್ರು. ಅವರು ಮುಂದಿನ ಸಾಲಲ್ಲಿ ಕೂರೋಕೆ ಶುರು ಮಾಡಿದ್ರು, ಆಮೇಲೆ ನಮ್ಮ ಸಭೆಯವರಿಗೇ ಸೈಟ್ ಮಾರೋಕೆ ಶುರು ಮಾಡಿದ್ರು, ವೇದಿಕೆಯಿಂದ ಒಂದು ಮಾತು ಹೇಳಿ ಅಂತ ಯಜಮಾನರಿಗೆ ಒತ್ತಾಯ. ಇವರು ಹೇಳಲಿಲ್ಲ. ಮಹಡಿ ಬರಲಿಲ್ಲ. ಸಭೆಯಲ್ಲಿ ಕೆಲವರು ಇವತ್ತಿಗೂ ನಮ್ಮ ಮೇಲೆ ಮುನಿಸು ಇಟ್ಕೊಂಡಿದ್ದಾರೆ.

ಇನ್ನೊಂದು. ಒಂದು ಸಲ ಇವರ ಹಾಡಿನ ರೀಲು ಲಕ್ಷಗಟ್ಟಲೆ ಜನ ನೋಡಿದ್ರು. ಆ ವಾರವೆಲ್ಲ ಇವರು ಬೆಳಗಿನ ಜಾವ ಎದ್ದು, ದಿಂಬಿನ ಕೆಳಗಿನ ಫೋನ್ ತೆಗೆದು ಎಣಿಕೆ ನೋಡಿ, ಆಮೇಲೆ ಮೊಣಕಾಲೂರೋರು. ನಾನು ಏನೂ ಹೇಳಲಿಲ್ಲ. ಫೋನ್ ತಗೊಂಡು ಹೋಗಿ ಅಕ್ಕಿ ಡಬ್ಬದಲ್ಲಿ ಇಟ್ಟೆ. ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ, ಮೂರನೇ ದಿನ ಅವರೇ ನಕ್ಕರು. ದೊಡ್ಡ ಪಾಸ್ಟರ್‌ಗಳ ಮನೇಲಿ ಅಕ್ಕಿ ಡಬ್ಬ ಯಾರು ಮುಟ್ಟಬೇಕು? ಅಡುಗೆಯವರಿರ್ತಾರೆ.

ಧಾರವಾಡದಾಕಿ · 10:58

ಅಕ್ಕಾರ, ನಿಮಗ ದೊಡ್ಡ ನಮಸ್ಕಾರ.

ಬನಶಂಕರಿ ಬಾಯ್ · 11:00

ಈ ಥ್ರೆಡ್ಡಿನ ಬೆಸ್ಟ್ ಕಾಮೆಂಟ್. ಮೇಲೆ ಪಿನ್ ಮಾಡಿ.

ಸ್ತೋತ್ರ ಬ್ರದರ್ · 11:26

ಪಾಸ್ಟರಮ್ಮ ಹೇಳಿದ್ದು ಮುಟ್ಟಿತು. ಆದರೆ ಕೆಲಸಗಾರ ಕೂಲಿಗೆ ಯೋಗ್ಯ ಅಂತ ವಾಕ್ಯ ಇದೆ. ನಿಮ್ಮಂಥವರಿಗೆ ಸಭೆ ಸರಿಯಾಗಿ ಕೊಡದೆ ಇರೋದೂ ತಪ್ಪೇ. ಕಾರು ಇದ್ದವರೆಲ್ಲ ಕಳ್ಳರು, ಸ್ಕೂಟರ್ ಇದ್ದವರೆಲ್ಲ ಸಂತರು ಅನ್ನೋ ಮಾತಿಗೆ ಮಾತ್ರ ನಾನು ಒಪ್ಪಲ್ಲ. ಬಡ ಸೇವಕರಲ್ಲೂ ಗರ್ವ ಇರೋದನ್ನ ನೋಡಿದ್ದೀನಿ.

ಸೆಮಿನರಿ ವಿದ್ಯಾರ್ಥಿ · 11:40

ಈ ಸಲ ನಿಮ್ಮ ಮಾತಿಗೆ ನನ್ನ ಸಹಿ ಇದೆ ಬ್ರದರ್. ಯೋಹಾನನ ಮೂರನೇ ಪತ್ರದ ದಿಯೊತ್ರೇಫನಿಗೆ ಕಾರಿತ್ತು, ಬಂಗಲೆಯಿತ್ತು ಅಂತ ಎಲ್ಲೂ ಇಲ್ಲ. ಸಭೆಯಲ್ಲಿ ತಾನೇ ಮೊದಲು ಅನ್ನಿಸಿಕೊಳ್ಳೋ ಆಸೆ ಇತ್ತು, ಅಷ್ಟಕ್ಕೇ ಬಂದ ಸಹೋದರರನ್ನು ಒಳಗೆ ಸೇರಿಸಲಿಲ್ಲ.

ಪೌಲ ಸುವಾರ್ತಿಕರಿಗೆ ಸಭೆಯಿಂದ ಜೀವನಾಧಾರ ಪಡೆಯೋ ಹಕ್ಕಿದೆ ಅಂತ ವಾದಿಸಿ, ತಾನು ಮಾತ್ರ ಆ ಹಕ್ಕನ್ನು ಬಳಸಲ್ಲ ಅಂದ. ಯೆರೂಸಲೇಮಿನ ಬಡವರಿಗೆ ಚಂದಾ ಎತ್ತಿದಾಗ ಏನು ಮಾಡಿದ ನೋಡಿ, ಎರಡನೇ ಕೊರಿಂಥ 8. ಆ ಹಣ ಒಬ್ಬನೇ ಹೊರಲಿಲ್ಲ. ತೀತನ ಜೊತೆ ಎಲ್ಲಾ ಸಭೆಗಳಲ್ಲಿ ಒಳ್ಳೆ ಹೆಸರಿದ್ದ ಸಹೋದರನನ್ನು ಕಳಿಸಿದ, ಅವನನ್ನು ಆರಿಸಿದ್ದೂ ಸಭೆಗಳೇ. ಇಷ್ಟು ದೊಡ್ಡ ಹಣದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಕಾರಣನೂ ಬರೆದ. ಪೌಲನಿಗೇ ತನ್ನ ಮೇಲೆ ಅಷ್ಟು ಎಚ್ಚರ ಇತ್ತು.

ದಿದಾಖೆ ಅಂತ ಆದಿಸಭೆಯ ಒಂದು ಪುಟ್ಟ ಕೈಪಿಡಿ ಇದೆ. ಅದರಲ್ಲಿ ಇನ್ನೂ ಬಿಗಿ. ಊರಿಗೆ ಬಂದ ಅಪೊಸ್ತಲ ಮೂರು ದಿನ ಉಳಿದರೆ ಸುಳ್ಳು ಪ್ರವಾದಿ, ಹೊರಡುವಾಗ ರೊಟ್ಟಿ ಬಿಟ್ಟು ದುಡ್ಡು ಕೇಳಿದರೂ ಸುಳ್ಳು ಪ್ರವಾದಿ.

ಕೋಡಿಂಗ್ ಕೋಳಿ · 11:44

ಪರದೆ ಮೇಲೆ ಕ್ಯೂಆರ್ ಹಾಕಿದ್ರೆ?

ಸೆಮಿನರಿ ವಿದ್ಯಾರ್ಥಿ · 11:45

ದಿದಾಖೆಯಲ್ಲಿ ಕ್ಯೂಆರ್ ಬಗ್ಗೆ ಮೌನ 😄

ಅವೆನ್ಯೂ ರೋಡ್ ಹಿರಿಯ · ಮಧ್ಯಾಹ್ನ 12:30

ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಅವರನ್ನು ಯಾಕೆ ಯಾರೂ ನೆನೆಯಲಿಲ್ಲ? ಅಷ್ಟು ದೊಡ್ಡ ಹೆಸರು, ಒಂದು ಕಳಂಕ ಇಲ್ಲ. ಒಂದು ಪೈಸೆ ಸಂಬಳ ತಗೋತಿರಲಿಲ್ಲ.

ಲೆಕ್ಕದ ಮೇಡಂ · 12:52

ಸಾರ್, ಸಂಬಳ ತಗೋತಿದ್ರು, ಅವರ ಗುಟ್ಟು ಇದ್ದಿದ್ದೇ ಅಲ್ಲಿ. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಲ್ಲಿ ಅವರೂ ಮೂವರು ಜೊತೆಗಾರರೂ ಕೂತು, ಸುವಾರ್ತಿಕರು ಎಲ್ಲೆಲ್ಲಿ ಜಾರಿ ಬೀಳ್ತಾರೆ ಅಂತ ಪಟ್ಟಿ ಮಾಡಿದ್ರು. ದುಡ್ಡು, ಹೆಣ್ಣು, ಸ್ಥಳೀಯ ಸಭೆಗಳನ್ನು ಕೀಳಾಗಿ ಮಾತಾಡೋದು, ಬಂದ ಜನರ ಸಂಖ್ಯೆ ಉಬ್ಬಿಸಿ ಹೇಳೋದು. ನಾಲ್ಕನೆಯದು ನೋಡಿ, ಎಷ್ಟು ಸೂಕ್ಷ್ಮ! ನಮ್ಮಲ್ಲಿ ಸಾವಿರ ಕುರ್ಚಿ ಹಾಕಿ "ಹತ್ತು ಸಾವಿರ ಆತ್ಮಗಳು" ಅಂತ ಪೋಸ್ಟರ್ ಹೊಡೀತಾರೆ.

ಆದರೂ ಕೂಟದ ಕೊನೆಗೆ ಸುವಾರ್ತಿಕರಿಗೆ ಕಾಣಿಕೆ ಎತ್ತೋ ಪದ್ಧತಿ ಮುಂದುವರೀತು. 1950ರಲ್ಲಿ ಅಟ್ಲಾಂಟಾ ಕೂಟಗಳು ಮುಗಿದಾಗ ಅಲ್ಲಿಯ ಪತ್ರಿಕೆ ಎರಡು ಫೋಟೋ ಪಕ್ಕಪಕ್ಕ ಹಾಕ್ತು. ಒಂದರಲ್ಲಿ ಕಾಣಿಕೆ ಹಣದ ಚೀಲಗಳು, ಇನ್ನೊಂದರಲ್ಲಿ ನಗುತ್ತಾ ಹೊರಟಿರೋ ಗ್ರಹಾಂ. ಅವರಿಗೆ ತುಂಬಾ ಅವಮಾನ ಆಯ್ತು. ಅದೇ ವರ್ಷ ಸಂಸ್ಥೆ ಮಾಡಿ, ಆಮೇಲೆ ಬೋರ್ಡ್ ನಿಗದಿ ಮಾಡಿದಷ್ಟೇ ಸಂಬಳ ಅಂತ ಕೈ ಕಟ್ಟಿಹಾಕ್ಕೊಂಡ್ರು.

ಹಾಗೆ ಕಟ್ಟಿಹಾಕ್ಕೊಳ್ಳದವರು? ಅಮೆರಿಕದ ಬೋಧಕ ಜಿಮ್ ಬೇಕರ್ ಟಿವಿಯಲ್ಲಿ ಕೂತು, ತನ್ನ ರೆಸಾರ್ಟಲ್ಲಿ ಜೀವನಪೂರ್ತಿ ವರ್ಷಕ್ಕೊಮ್ಮೆ ಉಚಿತ ವಾಸ ಅಂತ ಹೇಳಿ, ಇರೋ ರೂಮಿಗಿಂತ ಎಷ್ಟೋ ಪಾಲು ಹೆಚ್ಚು ಜನರ ಹತ್ರ ದುಡ್ಡು ತಗೊಂಡು, 1989ರಲ್ಲಿ ವಂಚನೆ ಕೇಸಲ್ಲಿ ಜೈಲಿಗೆ ಹೋದ. ಸಿಯೋಲ್‌ನ ಯೊಂಗಿ ಚೋ, ಜಗತ್ತಿನಲ್ಲೇ ದೊಡ್ಡದು ಅನ್ನೋ ಸಭೆ ಕಟ್ಟಿದವರು, ಮಗನ ಹತ್ರ ಇದ್ದ ಷೇರುಗಳನ್ನು ಸಭೆಯಿಂದ ಹೆಚ್ಚು ಬೆಲೆಗೆ ಕೊಳ್ಳಿಸಿದ ಕೇಸಲ್ಲಿ 2014ರಲ್ಲಿ ಅಪರಾಧಿ ಅಂತ ತೀರ್ಪಾಯ್ತು. ಸಿಂಗಾಪುರದ ಪಾಸ್ಟರ್ ಕಾಂಗ್ ಹೀ ಸಭೆಯ ಹಣವನ್ನು ಹೆಂಡತಿಯ ಪಾಪ್ ಹಾಡಿನ ವೃತ್ತಿಗೆ ಸುರಿದು, 2015ರಲ್ಲಿ ತಪ್ಪಿತಸ್ಥ. ಆ ಹಾಡುಗಳೂ ಸುವಾರ್ತೆ ಸೇವೆನೇ ಅಂತ ಅವರ ವಾದ. ಇವರೆಲ್ಲ ಮೊದಲ ದಿನವೇ ಕಳ್ಳತನಕ್ಕೆ ಅಂತ ಬಂದವರಲ್ಲ. "ನನ್ನ ಸೇವೆ ಬೆಳೆದರೆ ದೇವರ ರಾಜ್ಯ ಬೆಳೆದ ಹಾಗೆ" ಅಂತ ನಂಬಿದ್ರು. ಲೆಕ್ಕ ತಪ್ಪೋದು ಅಲ್ಲಿಂದ, ನನ್ನ ವೃತ್ತಿಯಲ್ಲಿ ದಿನಾ ನೋಡ್ತೀನಿ.

ಸ್ತೋತ್ರ ಬ್ರದರ್ · 1:15

ನಂಬಿದವರಿಗೆ ದೇವರು ದುಡ್ಡು, ಆರೋಗ್ಯ ಕೊಡ್ತಾನೆ ಅನ್ನೋ ಸಮೃದ್ಧಿಯ ಬೋಧನೆ ಮಾಡಿದವರಲ್ಲೂ ತಿದ್ದಿಕೊಂಡವರಿದ್ದಾರೆ. ಆ ಬೋಧನೆಯ ಹಿರಿಯ ಕೆನೆತ್ ಹೇಗಿನ್ ಅವರೇ ಕೊನೆಗಾಲದಲ್ಲಿ, 2000ದಲ್ಲಿ, ಈ ಬೋಧನೆಯ ಅತಿರೇಕಗಳ ವಿರುದ್ಧ ಪುಸ್ತಕ ಬರೆದ್ರು. ಅದನ್ನೂ ಹೇಳಿ.

ಲೆಕ್ಕದ ಮೇಡಂ · 1:20

ಬರೆದ್ರು, ನಿಜ. ಅವರ ಶಿಷ್ಯರು ಓದಿದ್ದಾರಾ ಅನ್ನೋದು ಪ್ರಶ್ನೆ.

ಬನಶಂಕರಿ ಬಾಯ್ · 1:33

ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಕ್ಷಮಿಸಿ. ಸಭೆ ದೊಡ್ಡದಾದ ತಕ್ಷಣ ಕನ್ನಡ ಆರಾಧನೆ ಬೆಳಿಗ್ಗೆ 7ಕ್ಕೆ, ಇಂಗ್ಲಿಷ್ 10ಕ್ಕೆ. ನಮ್ಮ ಅಮ್ಮ ಚಳಿಯಲ್ಲಿ ಆಟೋ ಹುಡುಕ್ಕೊಂಡು ಹೋಗ್ತಾರೆ. ಇಂಗ್ಲಿಷ್‌ನವರ ಕಾಣಿಕೆ ದಪ್ಪ ಅಂತ ತಾನೆ? ಇದೂ ದುಡ್ಡಿನ ಸಮಸ್ಯೆನೇ.

ಧಾರವಾಡದಾಕಿ · 1:37

ನೂರಕ್ಕ ನೂರು. ಕಾಫಿನೂ ಇಂಗ್ಲಿಷ್ ಆರಾಧನಿ ಮುಗದ ಮ್ಯಾಲ ಮಾತ್ರ.

ಅವೆನ್ಯೂ ರೋಡ್ ಹಿರಿಯ · 1:40

ಈ ಒಂದು ವಿಷಯದಲ್ಲಿ ಜಾತಿ ಪಂಗಡ ಮರೆತು ಎಲ್ಲರೂ ಒಂದಾಗಬಹುದು.

ನಿರ್ವಾಹಕ · 1:52

ಕನ್ನಡ ಆರಾಧನೆಗೆ ಬೇರೆ ಎಳೆ ತೆರೆಯಿರಿ, ಅದು ಇಲ್ಲಿ ಮುಗಿಯೋದಲ್ಲ.

ಹೊರಮಾವು ಕಡೆಯವ · ಸಂಜೆ 6:25

ಇಷ್ಟು ಜನ ಬರೀತೀರ ಅಂದ್ಕೊಂಡಿರಲಿಲ್ಲ. ಮನೆಯವಳಿಗೆ ಪಾಸ್ಟರಮ್ಮನ ಮಾತು ಓದಿ ಹೇಳಿದೆ. "ನಮ್ಮ ಪಾಸ್ಟರಮ್ಮನನ್ನ ನೋಡಿ ಎಷ್ಟು ದಿನ ಆಯ್ತು" ಅಂದಳು. ಮುಂಚೆ ಹೆಂಗಸರ ಕೂಟಕ್ಕೆ ಅವರೇ ಬರ್ತಿದ್ರು, ಈಗ ಬರೋದು ರೆಕಾರ್ಡಿಂಗು.

ಸರಿ, ಕೇಳೋಣ ಅಂತ ತೀರ್ಮಾನ ಮಾಡಿದ್ದೀವಿ. ಹಳೆಯ ವಿಶ್ವಾಸಿಗಳು ನಾಲ್ಕೈದು ಜನ ಸೇರಿ, ವೇದಿಕೆ ಮುಂದೆ ಅಲ್ಲ, ಅವರ ಮನೆಗೇ ಹೋಗಿ. ಏನು ಕೇಳಬೇಕು? ಲೆಕ್ಕದ ಮೇಡಂ, ಸ್ವಲ್ಪ ಹೇಳ್ತೀರಾ? ಪರದೆ ಮೇಲಿನ ಕ್ಯೂಆರ್ ಪಾಸ್ಟರ್ ಹೆಸರಲ್ಲೇ ಇದೆ, ಸಭೆ ಹೆಸರಲ್ಲಲ್ಲ.

ಲೆಕ್ಕದ ಮೇಡಂ · 7:10

ಹಾಗಾದರೆ ಅಲ್ಲಿಂದಲೇ ಶುರು ಮಾಡಿ. ಟ್ರಸ್ಟಿನ ಖಾತೆಗೆ ಬಂದರೆ ಅದು ಟ್ರಸ್ಟಿನ ಆದಾಯ, ಲೆಕ್ಕ ಇಡಬೇಕು, ಮಿತಿ ದಾಟಿದರೆ ಆಡಿಟ್ ಆಗಬೇಕು. ಪೂರ್ತಿ ಧಾರ್ಮಿಕ ಟ್ರಸ್ಟ್ ಆದರೆ ಚೀಲಕ್ಕೆ ಬಿದ್ದ ಹೆಸರಿಲ್ಲದ ಕಾಣಿಕೆಗೆ ಇರೋ ವಿಶೇಷ 30% ತೆರಿಗೆಯೂ ಇಲ್ಲ, ಕಾನೂನು ಅಷ್ಟು ಉದಾರವಾಗಿದೆ. ಅದೇ ಹಣ ಪಾಸ್ಟರ್ ಸ್ವಂತ ಖಾತೆಗೆ ಹೋದರೆ ಅವರ ಆದಾಯದ ಪ್ರಶ್ನೆ ಏಳುತ್ತೆ. ಉಡುಗೊರೆ ಅಂದರೂ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದರೆ ತೆರಿಗೆ.

ಎರಡನೆಯದು, ಟ್ರಸ್ಟಿನ ಹಣದಲ್ಲಿ ಟ್ರಸ್ಟಿಗಳಿಗೂ ಅವರ ನೆಂಟರಿಗೂ ಮನೆ, ಕಾರು ಅಂತ ಅನುಕೂಲ ಮಾಡಿಕೊಟ್ಟರೆ ತೆರಿಗೆ ವಿನಾಯಿತಿಗೇ ಕುತ್ತು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಸೆಕ್ಷನ್ 13 ಆಗಿತ್ತು. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳ ಕೊಡೋಕೆ ಅಡ್ಡಿಯಿಲ್ಲ. ಆದ್ದರಿಂದ "ಕಾರು ಯಾಕೆ" ಅಂತ ಕೇಳಬೇಡಿ, ಜಗಳ ಆಗುತ್ತೆ. "ನಿಮ್ಮ ಸಂಬಳ ಯಾರು ನಿಗದಿ ಮಾಡಿದ್ರು, ಆ ಮೀಟಿಂಗಲ್ಲಿ ನೀವು ಹೊರಗೆ ಕೂತಿದ್ರಾ" ಅಂತ ಕೇಳಿ.

ಒಬ್ಬ ಪಾಸ್ಟರಮ್ಮ · 7:31

ಹೋಗುವಾಗ ಪಾಸ್ಟರಮ್ಮನನ್ನೂ ಮಾತಾಡಿಸಿ. ಅವರಿಗೆ ಗೊತ್ತಿರುತ್ತೆ. ಹೇಳೋಕೆ ಯಾರೂ ಕೇಳಿರಲ್ಲ.

ಸ್ತೋತ್ರ ಬ್ರದರ್ · 7:44

ಹೋಗಿ, ಆದರೆ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಇಲ್ಲಿ ಹಾಕಬೇಡಿ. ಹಾಕಿದ್ರೆ ನೀವೂ ಅದೇ ವೀವ್ಸ್ ಆಟ ಆಡಿದ ಹಾಗೆ.

ಹೊರಮಾವು ಕಡೆಯವ · 7:50

ಇಲ್ಲ ಬ್ರದರ್, ಮಾತು ಕೊಡ್ತೀನಿ. ಒಂದು ಅನುಮಾನ. ಟ್ರಸ್ಟಿಗಳು ಯಾರು ಅಂತಲೇ ನಮಗ್ಯಾರಿಗೂ ಗೊತ್ತಿಲ್ಲ. ಕೇಳಿದರೆ "ನೀವು ಸದಸ್ಯರಲ್ಲ" ಅಂದುಬಿಟ್ರೆ?

ಲೆಕ್ಕದ ಮೇಡಂ · 8:05

ಸೊಸೈಟಿ ಆಗಿದ್ದರೆ ಸುಲಭ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕ ರಿಜಿಸ್ಟ್ರಾರ್‌ಗೆ ಕೊಡಬೇಕು. ಟ್ರಸ್ಟ್ ಆದರೆ ಡೀಡ್, ಅಂದರೆ ಟ್ರಸ್ಟ್ ಪತ್ರ, ನೋಡಬೇಕು. ಜಾಗ, ಕಟ್ಟಡ ಅಂತ ಸ್ಥಿರಾಸ್ತಿ ಸೇರಿಸಿ ಬರೆದ ಡೀಡ್ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕದಲ್ಲಿ ಇರುತ್ತೆ, ಫೀಸು ಕಟ್ಟಿ ಯಾರು ಬೇಕಾದರೂ ನಕಲು ಪಡೀಬಹುದು. ಬರೀ ನಗದು ಹಾಕಿ ಮಾಡಿದ ಟ್ರಸ್ಟ್ ಆದರೆ 4ನೇ ಪುಸ್ತಕ, ಅದರ ನಕಲು ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಇರೋರಿಗೆ ಮಾತ್ರ. ರಸೀದಿ ಪುಸ್ತಕದ ಮೇಲೆ ನೋಂದಣಿ ಸಂಖ್ಯೆ ಇರುತ್ತೆ, ಅದನ್ನ ಬರೆದಿಟ್ಕೊಳ್ಳಿ.

ಹೊರಮಾವು ಕಡೆಯವ · 8:09

ರಸೀದಿ ಕೊಡೋದು ನಿಲ್ಲಿಸಿ ವರ್ಷಗಳಾದವು ಮೇಡಂ. ಹಳೇದು ಮನೇಲಿ ಎಲ್ಲೋ ಇರಬೇಕು, ಹುಡುಕ್ತೀನಿ.

ಬನಶಂಕರಿ ಬಾಯ್ · 8:14

ಆಫೀಸಿಗೆ ಬೆಳಿಗ್ಗೆನೇ ಹೋಗಿ ಅಣ್ಣ. ಊಟದ ಹೊತ್ತಾದ ಮೇಲೆ ಸರ್ವರ್ ಡೌನ್ ಅಂತಾರೆ.